ಬಜಾರಿನ ಸಿಟ್ಟು ಮತ್ತು ನಮ್ಮ ಕಾಕಾ

ಹೋದ ವಾರ ಕೋಟನೂರಿನಿಂದ ಬಾಳೆಗೊನೆ ಕೊಳ್ಳಲು ನಮ್ಮ ತೋಟಕ್ಕೆ ಬಂದವರೊಬ್ಬರು ಮಾತಿನ ನಡುವೆ, "ನಿಮ್ಮ ಮಿಲ್ಲಿನ ಕಾಕಾ ಹೋಗಿಬಿಟ್ರಂತ್ರೀ" ಎಂದರು. ಸಾವಿನ ಸುದ್ದಿ ಕೇಳಿದವನು ಸ್ವಲ್ಪ ಹೊತ್ತು ಸುಮ್ಮನಿರಬೇಕು, ಅದು ರೀತಿ. ನನಗೆ ನಗು ಬಂತು. ಬಂದವರು ಗಾಬರಿಯಾಗಿ ನನ್ನ ಮುಖ ನೋಡಿದರು. ಅವರಿಗೆ ಏನೆಂದು ವಿವರಿಸುವುದು? ಕಾಕಾನನ್ನು ನೆನೆದು ನಗದೆ ಇರುವುದು ನನ್ನಿಂದ ಎಂದೂ ಆಗಿಲ್ಲ. ಅವರು ಗೊನೆ ಹೇರಿಕೊಂಡು ಹೋದ ಮೇಲೆ ಬಾವಿಯ ಕಟ್ಟೆಯ ಮೇಲೆ ಕುಳಿತು ಮನಸಾರೆ ಅತ್ತೆ. ಎರಡೂ ನಿಜ.

ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ಕಲಬುರಗಿಯ ಮಿಲ್ಲಿನಲ್ಲಿ ಅವನಿಗಿಂತ ಹಿರಿಯರೂ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದರು. 'ಅವರು' ಎಂದು ಮರ್ಯಾದೆಯಿಂದ ಬರೆಯಬೇಕೆಂದು ನೋಡಿದೆ. ಹಾಗೆ ಬರೆದರೆ ಯಾರೋ ಗುರುತಿಲ್ಲದ ದೊಡ್ಡ ಮನುಷ್ಯರಂತೆ ಕಾಣುತ್ತಾನೆ. ಆದ್ದರಿಂದ 'ಅವನು' ಎಂದೇ ಇರಲಿ. ಎದುರಿಗೆ ನಿಂತಾಗ ನಾವು ಹಾಗೇ ಮಾತಾಡಿಸುತ್ತಿದ್ದೆವು, ಅವನಿಗೂ ಅದೇ ಇಷ್ಟವಿತ್ತು.

ಅದು ನಿಜಾಮ ಸರಕಾರದ ಕಾಲ. ಕಮಲಾಪುರದ ನಮ್ಮ ಹೊಲ, ಬಾಳೆತೋಟ ಎರಡಕ್ಕೂ ಅಣ್ಣಂದಿರ ಕೈಗಳೇ ಸಾಕಾಗಿದ್ದವು. ನಾನು ಕಲಬುರಗಿಗೆ ಹೋಗಿ ಬಟ್ಟೆ ಮಿಲ್ಲಿಗೆ ಸೇರಿದೆ. ಮಗ್ಗದ ಖಾತೆಯಲ್ಲಿ ನನ್ನ ಪಕ್ಕದ ಮಗ್ಗ ಕಾಕಾನದು. ಕುಳ್ಳ ಆಸಾಮಿ, ದುಂಡು ಹೊಟ್ಟೆ, ಕಿವಿಯ ಮೇಲೆ ಯಾವಾಗಲೂ ಹತ್ತಿಯ ಎಳೆ. ಮಗ್ಗಗಳೆಲ್ಲ ಒಟ್ಟಿಗೆ ಬಡಿಯತೊಡಗಿದರೆ ಪಕ್ಕದವನು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಮಗ್ಗದವರು ದನಿಯ ತಂಟೆಗೇ ಹೋಗುವುದಿಲ್ಲ. ತುಟಿ ಅಗಲಿಸಿ, ಹುಬ್ಬು ಹಾರಿಸಿ, ಬೆರಳಾಡಿಸಿ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ನಿನ್ನೆ ಮನೆಯಲ್ಲಿ ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು ಎಂಬುದನ್ನೂ ಈ ಸಾಲಿನವನು ಆ ಸಾಲಿನವನಿಗೆ ತಿಳಿಸಬಲ್ಲ. ಕಾಕಾ ಈ ವಿದ್ಯೆಯಲ್ಲಿ ಉಸ್ತಾದ. ನಮ್ಮ ಕೆಲಸದ ಮೇಲೆ ಕಣ್ಣಿಡುವ ಜಾಬರನು ಬೆನ್ನು ತಿರುಗಿಸಿದ ಕೂಡಲೇ ಅವನ ನಡಿಗೆ, ಅವನ ಕೆಮ್ಮು, ಹೆಂಡತಿಯ ಮುಂದೆ ಅವನು ಕೈಕಟ್ಟಿ ನಿಲ್ಲುವ ಭಂಗಿ ಎಲ್ಲ ಮಾಡಿ ತೋರಿಸುತ್ತಿದ್ದ. ನಾವು ನಕ್ಕು ನಕ್ಕು ಎಳೆ ಕಡಿದುಕೊಂಡು, ಅದಕ್ಕಾಗಿ ಅದೇ ಜಾಬರನಿಂದ ಬೈಸಿಕೊಳ್ಳುತ್ತಿದ್ದೆವು.

ಮಿಲ್ಲಿನಿಂದ ಹೊರಬಿದ್ದ ಮೇಲೂ ಬಹಳ ಹೊತ್ತು ಕಾಕಾನಿಗೆ ದನಿಯ ನೆನಪಾಗುತ್ತಿರಲಿಲ್ಲ. ಸಂಜೆಯ ಭೋಂಗಾ ಊದಿ ಗೇಟು ತೆರೆದರೆ ನೆಟ್ಟಗೆ ಅಂಗಡಿಗೆ ಹೋಗಿ ತುಟಿಯಷ್ಟೇ ಆಡಿಸಿ ಎಣ್ಣೆ ಕೇಳುವನು. ಹೊಸ ಅಂಗಡಿಕಾರರು ಇವನು ಮೂಗನೆಂದು ಮರುಗಿ ಒಂದು ತೊಟ್ಟು ಹೆಚ್ಚಿಗೆ ಹಾಕಿದ್ದೂ ಉಂಟು. ಮಜೂರರಿಗೆಂದು ಮಿಲ್ಲಿನವರು ಕಟ್ಟಿಸಿದ ಚಾಳಿನಲ್ಲಿ ಅವನ ಮನೆ ನನ್ನ ಖೋಲಿಯ ಎದುರಿಗೆ. ಕಾಕಿ ಒಲೆಯ ಮುಂದಿನಿಂದಲೇ ಹೇಳುವಳು: "ಮನಿಗಿ ಬಂದೀರಿ, ಇನ್ನ ಬಾಯಿ ಬಿಟ್ಟು ಮಾತಾಡ್ರಿ. ಗ್ವಾಡಿ ಕೂಡ ಸಂಸಾರ ಮಾಡಿದಂಗ ಆಗ್ಯದ ನಂದು."

ಅವನ ಇನ್ನೊಂದು ಹುಚ್ಚು, ಬೇರೆಯವರ ಸಿಟ್ಟು ಕೇಳುವುದು. ಶುಕ್ರವಾರ ಮಿಲ್ಲಿಗೆ ರಜೆ. ನಮ್ಮಲ್ಲಿ ಕೆಲವರು ಕೋಟೆಯ ಕಡೆ ಗಾಳಿಗೆ ಹೋದರೆ, ಕೆಲವರು ಮಲಗುತ್ತಿದ್ದರು. ಕಾಕಾ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಕಿರಾಣಿ ಬಜಾರಿಗೆ ಹೊರಡುವನು. ಅಲ್ಲಿನ ಎಲ್ಲಕ್ಕಿಂತ ದೊಡ್ಡ ಅಂಗಡಿಯ ಸಾಹುಕಾರರು ಊರಿಗೆಲ್ಲ ಹಿರಿಯರು. ಅವರು ಕುಳಿತ ಗಾದಿಯ ತನಕ ಹೋಗುವ ಪದ್ಧತಿ ಕಾಕಾನ ಕೇರಿಯವರಿಗೆ ಇರಲಿಲ್ಲ. ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತು, ಬೀಗರ ಯೋಗಕ್ಷೇಮ ವಿಚಾರಿಸುವಂತೆ ಕೇಳುವನು: "ಸಾಹುಕಾರ್ರ, ಈ ವಾರ ಯಾರ ಮ್ಯಾಲ ಸಿಟ್ಟು ಬಂದದ್ರಿ?"

ಸಾಹುಕಾರರಿಗೆ ಅಷ್ಟೇ ಸಾಕಾಗುತ್ತಿತ್ತು. ಸುಂಕದ ನಾಕಾದವರ ಮೇಲೆ, ರೈಲಿನವರ ಮೇಲೆ, ಸ್ವಂತ ಅಳಿಯನ ಮೇಲೆ, ಮಳೆಯ ಮೇಲೆ ಬೈಗುಳ ಹರಿಯುವುದು. ಕಾಕಾ "ಹೌದ್ರಿ", "ಖರೇ ಅದರಿ" ಎನ್ನುತ್ತ ಊಟ ಮಾಡುವಷ್ಟು ತೃಪ್ತಿಯಿಂದ ಕೇಳುವನು. ಅಲ್ಲಿಂದ ಎದ್ದು ದರ್ಜಿಯ ಹತ್ತಿರ, ಆಮೇಲೆ ಹಮಾಲರ ಹತ್ತಿರ. ಮಜೂರರ ಸಂಘಕ್ಕೆ ಅವನೇ ಮುಂದಾಳು. ಸಂಘವೆಂದರೆ ಆಗ ಚಾಳಿನ ಬೇವಿನ ಗಿಡದ ಕೆಳಗೆ ಹಾಸಿದ ಒಂದು ಜಮಖಾನೆ, ಅಷ್ಟೆ. ಆದರೂ ಊರಿನಲ್ಲಿ ಅದರ ಬಗ್ಗೆ ಮಾತಾಡದವರಿಲ್ಲ.

ಜೋಳ ಅಗ್ಗವಿದ್ದಾಗ ಬಜಾರು ನಮ್ಮ ಸಂಘವನ್ನು ಭಜನಾ ಮೇಳದಂತೆ ಕಾಣುತ್ತಿತ್ತು. ಬಡವರು ಒಂದು ಕಡೆ ಕೂಡಿ ಕುಳಿತರೆ ನಮಗೇನು ನಷ್ಟ ಎನ್ನುತ್ತಿದ್ದರು. ಒಂದು ವರ್ಷ ಜೋಳದ ಧಾರಣೆ ಏರಿತು, ಎಣ್ಣೆ ಏರಿತು, ಅಂಗಡಿಗಳಲ್ಲಿ ಗಿರಾಕಿ ಕಡಿಮೆಯಾದರು. ಅದೇ ಬಾಯಿಗಳು ಬೇರೆ ರಾಗ ತೆಗೆದವು. ಸಾಹುಕಾರರಂತೂ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳುತ್ತಿದ್ದರು: "ಸಂಘ ಕಟ್ಟಿ ಪಗಾರ ಹೆಚ್ಚು ಮಾಡಿಸ್ಕೊಂಡ್ರು, ಅದಕ್ಕ ಎಲ್ಲಾ ತುಟ್ಟಿ ಆಗ್ಯದ. ಇವರನ್ನ ಚಾಳದಿಂದ ಹೊರಗ ಹಾಕಿದ್ರ ಊರು ತಣ್ಣಗ ಆಗ್ತದ."

ನನಗೆ ಮೈಯೆಲ್ಲ ಉರಿಯಿತು. ಆಗ ನನಗೆ ಮೂಗಿನ ತುದಿಯಲ್ಲೇ ಕೋಪ. ಈಗಲೂ ಬಹಳ ಕೆಳಗೇನೂ ಇಳಿದಿಲ್ಲ. ಅಂಗಡಿಯ ಮುಂದೆಯೇ ಹೋಗಿ ಕೇಳಿಬಿಡುತ್ತೇನೆಂದು ಹೊರಟರೆ ಕಾಕಾ ಅಂಗಿ ಹಿಡಿದು ಕೂರಿಸಿದ. ಅವನ ಮುಖದಲ್ಲಿ ಮದುವೆ ಮನೆಯ ಕಳೆ.

"ತಮ್ಮಾ, ಒಂದು ಮಜಾ ನೋಡಿದೇನು? ವ್ಯಾಪಾರ ಇಲ್ಲಂತ ಸಾಹುಕಾರ್ರಿಗಿ ಸಂಘದ ಮ್ಯಾಲ ಸಿಟ್ಟು. ಅದ ಬಜಾರದಾಗ ಕೆಲಸ ಇಲ್ಲಂತ ದರ್ಜಿಗಿ ಸಂಘ ಅಂದ್ರ ಜೀವ. ಇಬ್ಬರ ಸಂಕಟಾನೂ ಒಂದ."

"ಮತ್ತ ಒಬ್ಬಾವ ಬೈತಾನ, ಒಬ್ಬಾವ ಹೊಗಳ್ತಾನ, ಯಾಕ?"

"ಸಂಕಟ ಬಂದಾಗ ಬಾಜೂಕ ಯಾರು ಬಂದು ಕುಂತ್ರೋ ಅವರ ಮಾತು ಖರೇ ಅನಸ್ತದ. ದರ್ಜಿ ಬಾಜೂಕ ನಾ ಕುಂತೀನಿ. ಸಾಹುಕಾರ್ರ ಬಾಜೂಕ ಮಿಲ್ಲಿನ ಮ್ಯಾನೇಜರ್ ಸಾಹೇಬ್ರು ಕುಂತಾರ, ಅದೂ ಗಾದಿ ಮ್ಯಾಲ. ನಾ ಮೆಟ್ಟಿಲ ಮ್ಯಾಲ ಕುಂತು ಎಷ್ಟಂತ ಹೇಳ್ಲಿ? ಆದ್ರ ಸಿಟ್ಟಿದ್ದ ಮನಶ್ಯಾ ಇನ್ನೂ ನಮ್ಮ ಕೈ ಬಿಟ್ಟಿಲ್ಲ ಅಂತ ತಿಳಿ. ಸಿಟ್ಟ ಇಲ್ಲದಾವ ಯಾರ ಕೆಲಸಕ್ಕೂ ಬರಂಗಿಲ್ಲ."

ಆ ಚಳಿಗಾಲದಲ್ಲಿ ಮಿಲ್ಲಿನವರು ಪಗಾರ ಕಡಿತ ಮಾಡಿದರು. ಜೋಳ ತುಟ್ಟಿಯಾಗಿ ಮೊದಲೇ ಅರೆಹೊಟ್ಟೆಯಾಗಿದ್ದವರು ಮಗ್ಗ ನಿಲ್ಲಿಸಿ ಹೊರಗೆ ಬಂದೆವು. ಕೆಲಸಕ್ಕೆ ಬರದವರು ಚಾಳು ಖಾಲಿ ಮಾಡಬೇಕೆಂದು ಮಿಲ್ಲಿನವರು ಡಂಗುರ ಹೊಡೆಸಿದರು. ಜಗಳ ತಾಲುಕದಾರ ಸಾಹೇಬರ ಮುಂದೆ ಹೋಯಿತು. ಜಿಲ್ಲೆಗೆಲ್ಲ ಅವರೇ ದೊಡ್ಡ ಅಧಿಕಾರಿ, ಕೆಟ್ಟ ಮನುಷ್ಯರಲ್ಲ. ಮುಂದಿನ ವಾರ ತಾವೇ ಬಂದು ಬಜಾರಿನ ಹಿರಿಯರನ್ನು ಕೇಳುವುದಾಗಿ ಹೇಳಿದರು. ಸಂಘದಿಂದ ಊರಿಗೆ ಉಪದ್ರವ ಎಂದು ಹಿರಿಯರು ಹೇಳಿದರೆ ಚಾಳು ಖಾಲಿಯಾಗಬೇಕು. ಇಲ್ಲವೆಂದರೆ ಮಿಲ್ಲಿನವರು ಕಡಿತ ಕೈಬಿಡಬೇಕು. ಹಿರಿಯರ ಪರವಾಗಿ ಮಾತಾಡುವವರು ನಮ್ಮ ಕಿರಾಣಿ ಸಾಹುಕಾರರೇ. ಕಾಕಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು.

ಊರವರಿಗೆ ನಮ್ಮ ಮಾತು ಹೇಳಬೇಕೆಂದರೆ ಜಲ್ಸಾ, ಅಂದರೆ ಬಹಿರಂಗ ಸಭೆ ನಡೆಸಬೇಕು, ಜಲ್ಸಾಕ್ಕೆ ಸರಕಾರದ ಇಜಾಜತ್, ಅಪ್ಪಣೆ ಬೇಕು. ಕೇಳಿದೆವು, ಸಿಗಲಿಲ್ಲ. ಎಲ್ಲರೂ ಬೇವಿನ ಗಿಡದ ಕೆಳಗೆ ಮುಖ ಇಳಿಬಿಟ್ಟು ಕೂತಿದ್ದಾಗ ಕಾಕಾ ನನ್ನ ಕಡೆ ತಿರುಗಿದ.

"ತಮ್ಮಾ, ಕಮಲಾಪುರದಾಗ ನಿಮ್ಮ ಹೊಲದ ಜ್ವಾಳ ಹಾಲುಗಾಳು ಆಗಿರಬೇಕಲ್ಲ?"

"ಆಗ್ಯಾವ."

"ನಿಮ್ಮ ಅಪ್ಪಾರು ವರ್ಷಾ ಸಾಹುಕಾರ್ರಿಗಿ ಸೀತನಿಗಿ ಕರೀತಾರಲ್ಲ?"

"ಕರೀತಾರ."

"ಸೀತನಿ ತಿನ್ಲಾಕ ಇಜಾಜತ್ ಬೇಕೇನು?"

ಸೀತನಿ ಎಂದರೆ ನಮ್ಮ ಕಡೆ ಹಬ್ಬಕ್ಕಿಂತ ಹೆಚ್ಚು. ಹೊಲದಲ್ಲೇ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ ತಿನ್ನುವುದು. ಸೀತನಿಗೆ ಕರೆದರೆ ಬರುವುದಿಲ್ಲ ಎನ್ನುವ ಪದ್ಧತಿ ಇಲ್ಲ. ಬೆಳೆಗೇ ಅವಮಾನ ಮಾಡಿದಂತೆ. ಅಪ್ಪನಿಗೆ ಹೇಳಿದೆ. ಅಪ್ಪ ಎಲೆ ಅಡಿಕೆ ಅಗಿಯುತ್ತ, "ಬರೋರು ಬರ್ಲಿ, ತೆನಿ ಏನು ಕಮ್ಮಿ ಬಿದ್ದಿಲ್ಲ" ಎಂದರು.

ಸಾಹುಕಾರರು, ಬಜಾರಿನ ಉಳಿದ ಹಿರಿಯರು ಎತ್ತಿನ ಗಾಡಿಗಳಲ್ಲಿ ಬಂದು ಇಳಿದರು. ನಮ್ಮವರು ಹಿಂದಿನ ದಿನವೇ ನಡೆದು ಬಂದು ಕುಣಿ ತೋಡಿದ್ದರು. ಮಿಲ್ಲಿನ ಹೆಣ್ಣುಮಕ್ಕಳು ನಂಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿಟ್ಟಿದ್ದರು. ನಮ್ಮನ್ನು ಅಲ್ಲಿ ನೋಡಿ ಸಾಹುಕಾರರ ಹುಬ್ಬು ಗಂಟಾಯಿತು. ಆದರೆ ಗಾಡಿ ತಿರುಗಿಸುವಂತಿಲ್ಲ, ತೆನೆ ಕೆಂಡಕ್ಕೆ ಬಿದ್ದು ಆ ಪರಿಮಳ ಹೊಲವೆಲ್ಲ ಹಬ್ಬಿತ್ತು. ಅಷ್ಟರಲ್ಲಿ ಪೋಲೀಸ್ ಅಮೀನ್ ಸಾಹೇಬರೂ ಕುದುರೆಯೇರಿ ಬಂದರು. ಯಾರೋ ಸುದ್ದಿ ಮುಟ್ಟಿಸಿದ್ದರು.

"ತಿನ್ನೋದು ಖುಶಿ ಇದ್ದಷ್ಟು ತಿನ್ರಿ. ತಕರೀರ್ ಮಾತ್ರ ನಕ್ಕೋ. ಒಬ್ಬಾಂವ ಭಾಷಣ ಶುರು ಮಾಡಿದ ಅಂದ್ರ ಎಲ್ಲಾರ್ನೂ ಹಿಡ್ಕೊಂಡು ಹೋಗ್ತೀನಿ" ಎಂದು ಹೇಳಿ, ಒಳ್ಳೆಯ ಜಾಗ ನೋಡಿ ಕುಳಿತು ಹಿಂಡಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡರು.

ಬಂದವರಿಗೆ 'ಬಂದದ್ದು ಸಂತೋಷ' ಎಂದಷ್ಟೇ ಹೇಳಿ ಕುಳಿತುಬಿಡಬೇಕೆಂದು ಕಾಕಾ ಎದ್ದು ನಿಂತ. ಎದುರಿಗೆ ಬಜಾರಿನ ರುಮಾಲುಗಳೆಲ್ಲ ಸಾಲಾಗಿ ಕೂತಿವೆ. ಪಕ್ಕದಲ್ಲಿ ಖಾಕಿ. ಅಷ್ಟು ಜನರ ಮುಂದೆ ಮಿಲ್ಲಿನ ಹೊರಗೆ ಅವನು ಎಂದೂ ಮಾತಾಡಿದವನಲ್ಲ. ಬಾಯಿ ತೆರೆಯಿತು, ತುಟಿ ಆಡಿತು, ಕೈ ಎದ್ದಿತು, ಹುಬ್ಬು ಕುಣಿಯಿತು, ದನಿ ಹೊರಡಲಿಲ್ಲ. ಹೆದರಿಕೆಯಲ್ಲಿ ಮೈಗೆ ರೂಢಿಯಾದದ್ದೇ ಹೊರಬಂದಿತ್ತು. ಅವನಿಗೆ ಅದರ ಅರಿವೇ ಇಲ್ಲ. ಸಂತೋಷ ಎಂದವನು ಅಲ್ಲಿಗೆ ನಿಲ್ಲಲೂ ಇಲ್ಲ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳತೊಡಗಿದ. ಮಗ್ಗದವರಾದ ನಮಗೆ ಒಂದೊಂದು ಅಕ್ಷರವೂ ತಿಳಿಯುತ್ತಿತ್ತು. ಬಜಾರಿನವರು ಬಾಯಿ ತೆರೆದು ನೋಡುತ್ತ ಕೂತರು.

"ಏನು ಹೇಳಾಕತ್ತಾನ ಇಂವ?" ಎಂದು ಸಾಹುಕಾರರು ಪಕ್ಕಕ್ಕೆ ಕೇಳಿದರು. ಪಕ್ಕದಲ್ಲಿದ್ದವನು ಕುಸನೂರಿನ ಮುದುಕ, ನಮ್ಮ ಖಾತೆಯಲ್ಲೇ ಹಳಬ. ಅವನು ಸಾಹುಕಾರರ ಕಿವಿಯ ಹತ್ತಿರ ಬಾಗಿ ಹೇಳತೊಡಗಿದ. "ನಿಮ್ಮ ಅಂಗಡಿಗಿ ಗಿರಾಕಿ ಕಮ್ಮಿ ಆಗ್ಯಾರಂತ ನೀವು ಸಂಕಟ ಪಡ್ಲಾಕತ್ತೀರಿ ಅಂತಾನ್ರಿ. ಆ ಗಿರಾಕಿ ಮತ್ಯಾರಲ್ಲ, ನಾವ ಅಂತಾನ್ರಿ."

ಅದನ್ನು ನೋಡಿ ಉಳಿದ ಹಿರಿಯರಿಗೂ ಕುತೂಹಲ. ಪ್ರತಿಯೊಬ್ಬರೂ ಪಕ್ಕದ ಮಜೂರನನ್ನು ತಿವಿದು ಕೇಳತೊಡಗಿದರು. ಹೀಗೆ ಬಜಾರಿನ ಒಂದೊಂದು ಕಿವಿಗೂ ನಮ್ಮವನೊಬ್ಬ ಹತ್ತಿಕೊಂಡ. ಇನ್ನೂ ಮಜಾ ಏನೆಂದರೆ, ಕಾಕಾ ಹೇಳಿದ್ದಷ್ಟನ್ನೇ ಯಾರೂ ಹೇಳಲಿಲ್ಲ. "ಹಬ್ಬಕ್ಕ ಮನ್ಯಾಗ ಹೋಳಿಗಿ ಆಗ್ಲಿಲ್ಲ ಅಂತಾನ್ರಿ" ಎಂದ ಮುದುಕ. ಕಾಕಾ ಹಾಗೆ ಅಂದೇ ಇರಲಿಲ್ಲ, ಹೋಳಿಗೆ ಆಗದೆ ಹೋದದ್ದು ಮುದುಕನದೇ ಮನೆಯಲ್ಲಿ. "ಬಾಣಂತಿ ಮಗಳಿಗಿ ತುಪ್ಪ ಒಯ್ಲಾಕ ಆಗಿಲ್ಲ ಅಂತಾನ್ರಿ" ಎಂದ ಇನ್ನೊಬ್ಬ. ಅದು ಅವನ ಮಗಳು. ಸ್ವಂತ ಬಾಯಿಯಿಂದ ಎಂದೂ ಹೇಳಲಾರದ್ದನ್ನೆಲ್ಲ ಕಾಕಾನ ತುಟಿಯ ನೆಪದಲ್ಲಿ ಹೇಳಿ ಮುಗಿಸಿದರು. ಹೇಳುತ್ತಲೇ ತೆನೆ ತಿಕ್ಕಿ ಕಾಳು ಕೊಡುತ್ತಿದ್ದರು. ಸಾಹುಕಾರರು ಮೊದಲು ತಾವೇ ತಿಕ್ಕಿಕೊಳ್ಳಲು ಹೋಗಿ ಅಂಗೈ ಸುಟ್ಟುಕೊಂಡಿದ್ದರು. ಈಗ ಮುದುಕನ ಅಂಗೈಯಿಂದ ಎತ್ತಿಕೊಂಡು ತಿನ್ನುತ್ತ ಕೇಳುತ್ತಿದ್ದರು. ಯಾರು ಯಾರ ಕೈಯದು ತಿಂದರು ಎಂದು ನಾನು ಕಣ್ಣರಳಿಸಿ ನೋಡಿದೆ, ಬಹಳ ಖುಷಿಪಟ್ಟೆ.

ಅಮೀನ್ ಸಾಹೇಬರು ನನ್ನ ಪಕ್ಕದಲ್ಲಿದ್ದರು. "ಕ್ಯಾ ಬೋಲ್ ರಹಾ ಹೈ? ಏನಂತಾನ?" ಎಂದರು.

"ಸೀತನಿ ಶೇಂಗಾ ಹಿಂಡಿ ಜೋಡಿ ತಿನ್ರಿ ಅಂತಾನ್ರಿ. ಬೆಲ್ಲ ಜಾಸ್ತಿ ತಿಂದ್ರ ನೀರಡಿಕಿ ಆಗ್ತದ ಅಂತಾನ್ರಿ."

"ಬರಾಬರ್ ಹೇಳ್ತಾನ" ಎಂದು ತಲೆದೂಗಿ ಅವರು ಬೆಲ್ಲ ಬದಿಗಿಟ್ಟರು.

ಕಾಕಾ ಬೆವರೊರೆಸಿಕೊಳ್ಳುತ್ತ ನನ್ನ ಬಳಿ ಬಂದು ಕುಸಿದ. "ಭಾಳ ಜೋರ ಒದರಿದ್ನೇನೋ ತಮ್ಮಾ? ಅಮೀನ್ ಸಾಹೇಬ್ರು ಹಿಡಿತಾರೇನು?" ಎಂದು ಪಿಸುಗುಟ್ಟಿದ. ಅವನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ಕುಣಿಯ ಪಕ್ಕದಲ್ಲೇ ಹೊರಳಾಡಿ ನಕ್ಕ. ನಾನೂ ನಕ್ಕೆ. ಯಾಕೆ ನಗುತ್ತಿದ್ದೇವೆಂದು ತಿಳಿಯದಿದ್ದರೂ ಅಮೀನ್ ಸಾಹೇಬರೂ ನಕ್ಕರು. ನಮ್ಮ ಅಪ್ಪ ಎಲ್ಲರಿಗೂ ಕೆಂಪು ಬಾಳೆಯ ಹಣ್ಣು ಹಂಚಿಸಿ ಗಾಡಿ ಹತ್ತಿಸಿದರು.

ಇಷ್ಟಾದರೂ ಸಾಹುಕಾರರು ಏನು ಹೇಳುವರೋ ಎಂಬ ಭಯ ಹೋಗಿರಲಿಲ್ಲ. ಹಿರಿಯರನ್ನು ಕೇಳುವ ದಿನ ತಾಲುಕದಾರ ಸಾಹೇಬರ ಕುರ್ಚಿಯನ್ನು ಮಿಲ್ಲಿನ ಅಂಗಳದಲ್ಲಿ ಹಾಕಿದ್ದರು. ಒಂದು ಕಡೆ ಮ್ಯಾನೇಜರ್ ಸಾಹೇಬರು, ಇನ್ನೊಂದು ಕಡೆ ನಾವು. ಕಾಕಿಯ ಗೋಣಿಚೀಲ ಬಾಯಿ ಕಟ್ಟಿಯೇ ಇತ್ತು. ಸಾಹುಕಾರರು ಎದ್ದು ಗಂಟಲು ಸರಿಮಾಡಿಕೊಂಡರು.

"ಹುಜೂರ್, ಈ ಸಂಘ ಅಂದ್ರ ನನಗ ಆಗಂಗಿಲ್ರಿ."

ಮ್ಯಾನೇಜರ್ ಸಾಹೇಬರು ಕಾಲ ಮೇಲೆ ಕಾಲು ಹಾಕಿದರು.

"ಇವರು ಮಂದಿ ಕೂಡಸ್ತಾರ, ಗದ್ದಲಾ ಮಾಡ್ತಾರ. ನನಗ ಸೇರಂಗಿಲ್ಲ. ಆದ್ರ ನನ್ನ ವ್ಯಾಪಾರ ಕೆಡಿಸಿದವರು ಇವರಲ್ರಿ. ಮೊದ್ಲ ಇವರು ನನ್ನ ಅಂಗಡಿಯಿಂದ ಬೆಲ್ಲ ಒಯ್ತಿದ್ರು, ಎಣ್ಣಿ ಒಯ್ತಿದ್ರು. ಈಗ ಉಪ್ಪಷ್ಟ ಒಯ್ತಾರ. ಪಗಾರ ಕಡದು, ಚಾಳ ಖಾಲಿ ಮಾಡಿಸಿದ್ರ ಉಪ್ಪೂ ಹೋತು. ಆಮ್ಯಾಲ ನಾ ತಕ್ಕಡಿ ಹಿಡದು ಯಾರ ಮುಂದ ಕೂಡ್ಲಿರಿ? ಇವರು ಇಲ್ಲೇ ಇರಬೇಕು."

ತಾಲುಕದಾರ ಸಾಹೇಬರು ಗಡ್ಡದಲ್ಲೇ ನಕ್ಕರು. ಕಡಿತ ಕೈಬಿಡಬೇಕೆಂದೂ ಚಾಳಿನ ತಂಟೆಗೆ ಹೋಗಬಾರದೆಂದೂ ಹೇಳಿ ಎದ್ದರು. ಅವರ ಕುದುರೆ ಬಗ್ಗಿ ಗೇಟು ದಾಟಿದ ಮೇಲೆ ಮ್ಯಾನೇಜರ್ ಸಾಹೇಬರು ಒಂದು ಮಾತು ಸೇರಿಸಿದರು. ನಾಳೆ ಬೆಳಿಗ್ಗೆ ಎಲ್ಲರೂ ಬರಬಹುದು, ಕಾಕಾ ಮಾತ್ರ ಬೇಡ. ಕೆಲಸವೂ ಇಲ್ಲ, ಖೋಲಿಯೂ ಇಲ್ಲ.

ಕಾಕಾ ಅದನ್ನು ಲಾಟರಿ ಹೊಡೆದವನಂತೆ ಒಪ್ಪಿಕೊಂಡ. "ಎಲ್ಲಾರ ಒಲಿ ಹತ್ತಿದ್ರ ಆತು. ನಂದೊಂದ ಮನಿ ದೊಡ್ಡ ಮಾತಲ್ಲ" ಎಂದು ಕಾಕಿಗೆ ಹೇಳಿದನಂತೆ. ಕಾಕಿ ಅವನಿಗೆ ಏನು ಹೇಳಿದಳೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಬೆಳಿಗ್ಗೆ ಭೋಂಗಾ ಊದಿತು. ನಾವೆಲ್ಲ ಗೇಟಿನ ಮುಂದೆ ನಿಂತಿದ್ದೆವು, ಒಬ್ಬನೂ ಒಳಗೆ ಕಾಲಿಡಲಿಲ್ಲ. ಕಾಕಾ ಓಡಾಡಿ ಓಡಾಡಿ ಒಬ್ಬೊಬ್ಬರನ್ನೂ ನೂಕುತ್ತಿದ್ದ, ಕೈಮುಗಿಯುತ್ತಿದ್ದ. ನನಗೆ ಅವನ ಮೇಲೂ ಸಿಟ್ಟು, ಮಿಲ್ಲಿನ ಮೇಲೂ ಸಿಟ್ಟು. ನಾವು ಹೀಗೇ ನಿಂತರೆ ನಿನ್ನೆ ಗೆದ್ದದ್ದೂ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಆಗ ಬಜಾರಿನ ದಾರಿಯಿಂದ ಜನ ಬರುವುದು ಕಾಣಿಸಿತು. ಮುಂದೆ ಕಿರಾಣಿ ಸಾಹುಕಾರರು, ಹಿಂದೆ ದರ್ಜಿ, ಎಣ್ಣೆಯವರು, ಹಮಾಲರು. ಆ ಹೊತ್ತಿಗೆ ಅಂಗಡಿ ತೆರೆದು ಕಸ ಗುಡಿಸಿ ದೇವರಿಗೆ ಊದಿನಕಡ್ಡಿ ಹಚ್ಚಬೇಕಾದವರು. ಸಾಹುಕಾರರು ತಂದಿದ್ದ ಖಾಲಿ ಗೋಣಿಯನ್ನು ಗೇಟಿನ ಎದುರು ನೆಲಕ್ಕೆ ಹಾಸಿ, ಏದುಸಿರು ಬಿಡುತ್ತ ಕುಳಿತುಬಿಟ್ಟರು. ಮ್ಯಾನೇಜರ್ ಸಾಹೇಬರು ಹೊರಗೆ ಬಂದರು.

"ಏನ್ರೀ ಸಾಹುಕಾರ್ರ, ನೀವೂ ಸಂಘ ಸೇರಿದ್ರೇನು?"

"ಸಂಘದ ಸುದ್ದಿ ನನ್ನ ಮುಂದ ತೆಗೀಬ್ಯಾಡ್ರಿ" ಎಂದು ಸಾಹುಕಾರರು ಸಿಡುಕಿದರು. "ಆ ಮನಶ್ಯಾ ಒಳಗ ಹೋಗೂತನಕ ಬಜಾರದಾಗ ಒಂದು ಅಂಗಡೀನೂ ತೆರಿಯಂಗಿಲ್ಲ. ನಿಮ್ಮ ಬಂಗಲೆಕ ಹಾಲೂ ಬರಂಗಿಲ್ಲ, ಚಹಾಪುಡೀನೂ ಬರಂಗಿಲ್ಲ. ನಾ ಇಲ್ಲೇ ಕುಂತಿರ್ತೀನಿ."

ಬಿಸಿಲು ನೆತ್ತಿಗೆ ಬರುವ ತನಕ ಅವರು ಏಳಲಿಲ್ಲ. ಕುಳಿತಷ್ಟು ಹೊತ್ತೂ ಎಲ್ಲರನ್ನೂ ಬೈಯುತ್ತಿದ್ದರು, ಗೋಣಿ ಚುಚ್ಚುತ್ತದೆಂದು ಗೋಣಿಯನ್ನೂ ಬೈದರು. ಕೊನೆಗೆ ಒಳಗಿನಿಂದ ಕಾವಲುಗಾರ ಬಂದು ಗೇಟನ್ನು ಅಗಲವಾಗಿ ತೆರೆದು, ಕಾಕಾನ ಹೆಸರು ಹಿಡಿದು ಕರೆದ. ಅಷ್ಟು ಹೊತ್ತು ಎಲ್ಲರನ್ನೂ ಒಳಗೆ ನೂಕುತ್ತಿದ್ದ ಕಾಕಾ ಈಗ ನಿಂತಲ್ಲೇ ನಿಂತ. ಕಣ್ಣಲ್ಲಿ ನೀರು.

ಸಾಹುಕಾರರು ಮೊಣಕಾಲು ಹಿಡಿದುಕೊಂಡು ಎದ್ದರು. ಗೋಣಿ ಝಾಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಕಾಕಾನ ಹತ್ತಿರ ಬಂದು, ಊರೆಲ್ಲ ನೋಡುತ್ತಿದ್ದಂತೆ ಅವನ ಹೆಗಲ ಮೇಲೆ ಕೈಯಿಟ್ಟು ಗೇಟಿನ ಕಡೆ ನೂಕಿದರು.

"ಲಗೂ ಒಳಗ ನಡಿಯೋ ಮಾರಾಯಾ. ಅಂಗಡಿ ತೆರೀಬೇಕಾಗ್ಯದ ನಂದು."